ಕಂಕುಳಲ್ಲಿ ಜ್ವರ ನೋಡಿದರೆ ಒಂದು ಡಿಗ್ರಿ ಕೂಡಿಸಬೇಕೇ?

ಪ್ರಶ್ನೆ: ಮಗುವಿನ ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟಾಗ 99.1 ಬಂತು. ಕಂಕುಳಲ್ಲಿ ನೋಡಿದ್ದಕ್ಕೆ ಒಂದು ಡಿಗ್ರಿ ಕೂಡಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಇದನ್ನು 100.1 ಎಂದೇ ತಿಳಿಯಬೇಕೇ?

ಉತ್ತರ: ಬೇಡ. ಬಂದದ್ದು 99.1, ಅದನ್ನು 99.1 ಎಂದೇ ಬರೆದಿಡಿ. ಪಕ್ಕದಲ್ಲಿ ‘ಕಂಕುಳು’ ಎಂದೂ, ನೋಡಿದ ಹೊತ್ತನ್ನೂ ಬರೆಯಿರಿ. ಉತ್ತರ ಇಷ್ಟೇ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಬಿಟ್ಟಿದ್ದೇನೆ, ಮುಂದಿನ ವಾರ ಮತ್ತೊಬ್ಬರು ಕೇಳುತ್ತಾರೆ ಎಂಬುದೂ ಗೊತ್ತು. ಆದ್ದರಿಂದ ಈ ಸಲ ಕಳೆಯನ್ನು ಬೇರುಸಹಿತ ಕೀಳುತ್ತೇನೆ, ಬರಹ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಒಂದು ಮಾತು. ಥರ್ಮಾಮೀಟರಿಗೆ ನಿಮ್ಮ ಜ್ವರ ಗೊತ್ತಿಲ್ಲ. ಅದು ಹೇಳುವುದು ತನ್ನ ತುದಿ ಎಷ್ಟು ಬಿಸಿಯಾಗಿದೆ ಎಂಬುದನ್ನು ಮಾತ್ರ. ಗಾಜಿನ ಕೊಳವೆಯಲ್ಲಿ ಪಾದರಸ ಹಿಗ್ಗುತ್ತದೆ. ಕೊಳವೆಯ ರಂಧ್ರ ಕೂದಲಿನಷ್ಟು ಸಣ್ಣದಾದ್ದರಿಂದ ಚೂರು ಹಿಗ್ಗಿದರೂ ಉದ್ದವಾಗಿ ಕಾಣುತ್ತದೆ. ಡಿಜಿಟಲ್ ಉಪಕರಣದ ತುದಿಯಲ್ಲಿ ಥರ್ಮಿಸ್ಟರ್ ಎಂಬ ಪುಟ್ಟ ಬಿಡಿಭಾಗವಿರುತ್ತದೆ. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಆ ಇಳಿಕೆಯನ್ನೇ ಒಳಗಿನ ಚಿಪ್ ಡಿಗ್ರಿಯಾಗಿ ತೋರಿಸುತ್ತದೆ. ಎರಡರಲ್ಲೂ ತುದಿಯು ಮೈಯಷ್ಟೇ ಬಿಸಿಯಾಗುವವರೆಗೆ ಕಾಯುವ ಕೆಲಸ ನಮ್ಮದು.

ಈಗ ಆ ಒಂದು ಡಿಗ್ರಿಯ ವಿಷಯ. ಇದು ಪೂರ್ತಿ ಕಟ್ಟುಕಥೆಯಲ್ಲ, ಅದಕ್ಕೇ ಸಾಯುತ್ತಿಲ್ಲ. ಬಹಳ ಜನರನ್ನು ಅಳೆದು ಸರಾಸರಿ ತೆಗೆದರೆ ಕಂಕುಳಿನ ಅಂಕಿ ಬಾಯಿಯದಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಇರುವುದು ನಿಜ. ಆದರೆ ಸರಾಸರಿಗೆ ಜ್ವರ ಬರುವುದಿಲ್ಲ, ಮಗುವಿಗೆ ಬರುತ್ತದೆ. ಈ ವ್ಯತ್ಯಾಸ ಒಬ್ಬರಿಂದ ಒಬ್ಬರಿಗೆ ಬೇರೆ, ಒಬ್ಬರಲ್ಲೇ ಗಂಟೆಯಿಂದ ಗಂಟೆಗೆ ಬೇರೆ. ಜ್ವರ ಏರುವಾಗ ಚಳಿ ಹಿಡಿದು ನಡುಗುತ್ತೀರಲ್ಲ, ಆಗ ಚರ್ಮದ ರಕ್ತನಾಳಗಳು ಕಿರಿದಾಗಿ ಹೊರಮೈ ತಣ್ಣಗಿರುತ್ತದೆ, ಒಳಗೆ ಮಾತ್ರ ಸುಡುತ್ತಿರುತ್ತದೆ. ಜ್ವರ ಇಳಿಯುವಾಗ ಬೆವರು ಆರಿ ಚರ್ಮವನ್ನು ತಂಪಾಗಿಸುತ್ತದೆ. ಎರಡು ಹೊತ್ತಿಗೂ ಅದೇ ಒಂದು ಡಿಗ್ರಿ ಕೂಡಿಸುವುದು, ಹೊತ್ತು ಎಷ್ಟೇ ಆಗಿರಲಿ ಗಡಿಯಾರಕ್ಕೆ ಹತ್ತು ನಿಮಿಷ ಕೂಡಿಸಿದಂತೆ.

ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಯಾವ ಡಿಗ್ರಿ? ಸೆಲ್ಸಿಯಸ್ಸಿನ ಒಂದು ಡಿಗ್ರಿ ಎಂದರೆ ಫ್ಯಾರನ್‌ಹೀಟಿನ 1.8. ನಿಮ್ಮ 99.1 ಸೆಲ್ಸಿಯಸ್‌ನಲ್ಲಿ 37.3. ಸೆಲ್ಸಿಯಸ್ ಉಪಕರಣ ಇರುವವರು ಇದಕ್ಕೆ ಒಂದು ಕೂಡಿಸಿದರೆ 38.3, ಅಂದರೆ ಸುಮಾರು 100.9. ಒಂದೇ ಮಗು, ಒಂದೇ ಕಂಕುಳು: ಒಬ್ಬರ ಲೆಕ್ಕದಲ್ಲಿ 100.1, ಮತ್ತೊಬ್ಬರ ಲೆಕ್ಕದಲ್ಲಿ 100.9. ನೀವು ಕೂಡಿಸಿ ಹೇಳಿದ್ದಕ್ಕೆ ವೈದ್ಯರೂ ಮನಸ್ಸಿನಲ್ಲೇ ಒಂದು ಕೂಡಿಸಿಕೊಂಡರೆ ಮುಗಿಯಿತು. ಹಣೆಗೆ ಹಿಡಿದು ನೋಡುವ ಉಪಕರಣಗಳಲ್ಲಿ ಅನೇಕವು ಒಳಗೇ ಲೆಕ್ಕ ಹಾಕಿ ಬಾಯಿಯ ಅಂಕಿಗೆ ಹೊಂದಿಸಿದ್ದನ್ನೇ ತೋರಿಸುತ್ತವೆ; ಅದಕ್ಕೂ ಒಂದು ಕೂಡಿಸುವ ಧಾರಾಳಿಗಳಿದ್ದಾರೆ. (ಆ ಉಪಕರಣ ತಲೆಯೊಳಗೆ ಕಿರಣ ಬಿಡುವುದಿಲ್ಲ. ಚರ್ಮ ತಾನಾಗಿ ಹೊರಸೂಸುವ ಅವಕೆಂಪು ಕಿರಣವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಅದನ್ನು ಇನ್ನೊಮ್ಮೆ ಕೇಳಬೇಡಿ.)

ನನಗೆ ಬಹಳ ಇಷ್ಟವಾದ ವಾದ ಕೊನೆಗೆ ಇಟ್ಟುಕೊಂಡಿದ್ದೇನೆ. ಕೂಡಿಸಿದ ಮೇಲೆ ನೀವು ಯಾವ ಅಂಕಿಯ ಜೊತೆ ಹೋಲಿಸುತ್ತೀರಿ? 98.6. ಅದು ಬಂದದ್ದು ಎಲ್ಲಿಂದ? ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವೈದ್ಯ ಕಾರ್ಲ್ ವುಂಡರ್ಲಿಷ್ ಸುಮಾರು 25,000 ರೋಗಿಗಳ ತಾಪ ಅಳೆದು 1868ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಅವರು ಹೇಳಿದ್ದು 37 ಡಿಗ್ರಿ ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ ಹುಟ್ಟಿದ್ದು ಆ ‘.6’. ಅವರು ಹೆಚ್ಚಾಗಿ ಎಲ್ಲಿಟ್ಟು ಅಳೆದರು ಗೊತ್ತೇ? ಕಂಕುಳಲ್ಲಿ! ನೀವು ಪೂಜಿಸುವ 98.6 ಹುಟ್ಟಿದ್ದೇ ಕಂಕುಳಲ್ಲಿ. ಅಲ್ಲೇ ನೋಡಿದ ಅಂಕಿಗೆ ಒಂದು ಕೂಡಿಸಿ, ಕೂಡಿಸದೆ ಬಂದ ಅಂಕಿಯೊಂದಿಗೆ ಹೋಲಿಸುವುದು ಯಾವ ಗಣಿತ? ಅದೂ ಅಲ್ಲದೆ ಆರೋಗ್ಯವಂತರ ತಾಪವೂ ಒಂದು ಅಂಕಿಯಲ್ಲಿ ನಿಲ್ಲುವುದಿಲ್ಲ. ನಸುಕಿನಲ್ಲಿ ಕಡಿಮೆ, ಸಂಜೆಗೆ ಹೆಚ್ಚು. ದಿನದೊಳಗೆ ಒಂದು ಡಿಗ್ರಿ ಫ್ಯಾರನ್‌ಹೀಟಿನಷ್ಟು ಏರಿಳಿಯುವುದು ಸಹಜ. ಹೊತ್ತನ್ನು ಬರೆದಿಡಿ ಎಂದದ್ದು ಇದಕ್ಕೇ.

ಸರಿಯಾಗಿ ನೋಡುವುದು ಹೇಗೆ ಎಂದರೆ, ಕಂಕುಳನ್ನು ಒರೆಸಿ ಒಣಗಿಸಿ, ತುದಿ ಬಟ್ಟೆಗೆ ತಾಗದೆ ಗುಳಿಯ ನಡುವೆ ಕೂರುವಂತಿಟ್ಟು, ತೋಳನ್ನು ಮೈಗೆ ಒತ್ತಿ ಹಿಡಿಯಿರಿ. ಬೀಪ್ ಕೇಳಿದ ಕೂಡಲೇ ತೆಗೆಯುವುದೇ ಬಹಳ ತಪ್ಪಿಗೆ ಮೂಲ. ತಾಪದ ಏರಿಕೆ ನಿಧಾನವಾದರೆ ಸಾಕು, ಬೀಪ್ ಬಂದುಬಿಡುತ್ತದೆ. ಕಂಕುಳ ಚರ್ಮ ಮುಚ್ಚಿಕೊಂಡ ಮೇಲೆ ಮೆಲ್ಲಗೆ ಬಿಸಿಯಾಗುವುದರಿಂದ ಬೀಪ್ ಆದಮೇಲೂ ಅಂಕಿ ಏರಬಹುದು. ಇನ್ನೂ ಒಂದೆರಡು ನಿಮಿಷ ಇಟ್ಟು ನೋಡಿ. ನೀವು ಕೂಡಿಸಬೇಕೆಂದಿದ್ದ ಡಿಗ್ರಿಯಲ್ಲಿ ಅರ್ಧ ಅಲ್ಲೇ ಸಿಕ್ಕಿದರೂ ಆಶ್ಚರ್ಯವಿಲ್ಲ. ಬಾಯಲ್ಲಾದರೆ ನಾಲಿಗೆಯ ಕೆಳಗೆ, ಹಿಂಬದಿಗೆ. ಬಿಸಿ ಅಥವಾ ತಣ್ಣನೆಯದನ್ನು ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು. ಒಂದು ವಿಷಯದಲ್ಲಿ ಮಾತ್ರ ಲೆಕ್ಕಾಚಾರ ಬೇಡ: ಮೂರು ತಿಂಗಳೊಳಗಿನ ಕೂಸಿಗೆ ಗುದದಲ್ಲಿ ನೋಡಿದಾಗ 100.4 ಅಥವಾ ಹೆಚ್ಚು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಡಿಜಿಟಲ್ ಥರ್ಮಾಮೀಟರನ್ನು ಕೊಡವುವವರನ್ನು ನೋಡಿದರೆ ನಗು ಬರುತ್ತದೆ. ಕೊಡವಬೇಕಾದದ್ದು ಪಾದರಸದ್ದನ್ನು. ಅದರ ಬುರುಡೆಯ ಮೇಲೆ ಕೊಳವೆ ಒಂದು ಕಡೆ ಇಕ್ಕಟ್ಟಾಗಿರುತ್ತದೆ. ಏರಿದ ಪಾದರಸ ತಣ್ಣಗಾದಾಗ ಅಲ್ಲಿ ಕಡಿದು ಮೇಲೆಯೇ ನಿಲ್ಲುತ್ತದೆ, ಓದಲು ಪುರುಸೊತ್ತು ಕೊಡುತ್ತದೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಫ್ಯಾರನ್‌ಹೀಟ್ ಮಹಾಶಯರ ಸ್ವಂತ ಲೆಕ್ಕದಲ್ಲಿ ಮೈಯ ಬಿಸಿ 98.6 ಆಗಿರಲೇ ಇಲ್ಲ, 96 ಆಗಿತ್ತು. ನೀರು ಹೆಪ್ಪುಗಟ್ಟುವುದು 32ರಲ್ಲಿ, ಮೈ 96ರಲ್ಲಿ, ನಡುವೆ 64 ಡಿಗ್ರಿ. ಆರು ಸಲ ಅರ್ಧ ಮಾಡುತ್ತಾ ಹೋದರೆ ಒಂದೊಂದು ಡಿಗ್ರಿಯ ಗೆರೆ ಸಿಗುತ್ತದೆ, ಕೈಯಲ್ಲಿ ಗುರುತು ಹಾಕುವವನಿಗೆ ಎಂಥ ಅನುಕೂಲ! ಮುಂದೆ ನೀರು ಕುದಿಯುವ ಬಿಂದುವನ್ನು 212ಕ್ಕೆ ಕಟ್ಟಿಹಾಕಿ ಅಳತೆಪಟ್ಟಿಯನ್ನು ತಿದ್ದಿದಾಗ ಮೈಯ ಅಂಕಿ ಮೇಲೆ ಸರಿಯಿತು. ಆ 96 ಅನ್ನು ಗುರುತಿಸುವ ಬಗೆಯನ್ನು ಅವರು 1724ರಲ್ಲೇ ಬರೆದಿದ್ದಾರೆ: ಆರೋಗ್ಯವಂತನ ಬಾಯಲ್ಲೋ ಕಂಕುಳಲ್ಲೋ ಉಪಕರಣವನ್ನಿಟ್ಟು, ಅದು ಮೈಯ ಬಿಸಿಯನ್ನು ಪೂರ್ತಿ ಪಡೆಯುವವರೆಗೆ ಹಿಡಿದಿರಬೇಕು. ಕೂಡಿಸುವ ಮಾತು ಅಲ್ಲಿಲ್ಲ, ಕಾಯುವ ಮಾತಿದೆ.