ಪದ ಪರಿಚಯ: ಪ್ಯಾರಾಮಿಲಿಟರಿ (ಉತ್ತರ ಐರ್ಲೆಂಡಿನ ಅರ್ಥದಲ್ಲಿ)

ಅರೆಸೇನಾ ಪಡೆ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆಯ ಹೊತ್ತಿಗೆ ಬಂದಿಳಿಯುವ ಸಿಆರ್‌ಪಿಎಫ್, ಗಡಿ ಕಾಯುವ ಬಿಎಸ್‌ಎಫ್. ಅಂದರೆ ಸರ್ಕಾರವೇ ಕಟ್ಟಿ, ಸಂಬಳ ಕೊಟ್ಟು, ಕಾನೂನಿನಡಿ ನಡೆಸುವ ಪಡೆಗಳು. ಉತ್ತರ ಐರ್ಲೆಂಡಿನ ಚರಿತ್ರೆ ಓದುವಾಗ ಈ ಅರ್ಥವನ್ನು ಬದಿಗಿಡಬೇಕು. 1960ರ ದಶಕದ ಕೊನೆಯಿಂದ 1998ರವರೆಗೆ ನಡೆದು 3,500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಅಲ್ಲಿನ ಸಂಘರ್ಷದಲ್ಲಿ ಪ್ಯಾರಾಮಿಲಿಟರಿ ಎಂದರೆ ಸರ್ಕಾರದ ಹೊರಗೆ, ಸೈನ್ಯದ ರೀತಿಯಲ್ಲಿ ಕಟ್ಟಿಕೊಂಡ ಸಶಸ್ತ್ರ ಸಂಘಟನೆ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಆಡಳಿತದಲ್ಲಿದೆ, ಉಳಿದ ಐರ್ಲೆಂಡ್ ಸ್ವತಂತ್ರ ಗಣರಾಜ್ಯ. ಎರಡರ ಏಕೀಕರಣ ಬಯಸಿದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಒಂದು ಕಡೆಗಿದ್ದರೆ, ಬ್ರಿಟನ್ನಿನೊಂದಿಗೇ ಉಳಿಯಬೇಕೆಂದ ಯುವಿಎಫ್ ಮತ್ತು ಯುಡಿಎ ಇನ್ನೊಂದು ಕಡೆಗಿದ್ದವು.

ಬಂದೂಕು ಹಿಡಿದ ಎಲ್ಲ ಗುಂಪಿಗೂ ಈ ಹೆಸರು ಸಲ್ಲದು. ಐಆರ್‌ಎಗೆ ಬ್ರಿಗೇಡುಗಳೂ ಬೆಟಾಲಿಯನ್‌ಗಳೂ ಇದ್ದವು. ಯುದ್ಧ, ಕದನವಿರಾಮಗಳನ್ನು ತೀರ್ಮಾನಿಸಲು ಏಳು ಜನರ ಆರ್ಮಿ ಕೌನ್ಸಿಲ್ ಇತ್ತು. ಮೇಲಿನವರ ಆಜ್ಞೆಗೆ ಕೆಳಗಿನವರು ತಲೆಬಾಗುವ ಈ ವ್ಯವಸ್ಥೆಯೇ ಪದದ ತಿರುಳು. ಐಆರ್‌ಎ ನಾಯಕರಾಗಿದ್ದು ಮುಂದೆ ಶಾಂತಿ ಸಂಧಾನಕಾರರಾದ ಮಾರ್ಟಿನ್ ಮೆಕ್‌ಗಿನ್ನೆಸ್ ಅವರ ಬದುಕು ಅರ್ಥವಾಗಬೇಕಾದರೆ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

1950ರಲ್ಲಿ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಹುಟ್ಟಿದ ಅವರು, 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ಅಲ್ಲಿನ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದಾಗ, ತಮ್ಮ 21ನೇ ವಯಸ್ಸಿಗೇ ಡೆರಿಯ ಐಆರ್‌ಎ ಘಟಕದ ಎರಡನೇ ನಾಯಕರಾಗಿದ್ದರು. ಅದೇ ವರ್ಷ ಜುಲೈನಲ್ಲಿ ಬ್ರಿಟಿಷ್ ಸಚಿವ ವಿಲಿಯಂ ವೈಟ್‌ಲಾ ಅವರೊಡನೆ ಲಂಡನ್ನಿನಲ್ಲಿ ಗುಟ್ಟಾಗಿ ಮಾತುಕತೆಗೆ ಕೂತ ನಿಯೋಗದಲ್ಲೂ ಅವರಿದ್ದರು. ಮುಂದಿನ ವರ್ಷ ಸ್ಫೋಟಕಗಳ ಪ್ರಕರಣದಲ್ಲಿ ಜೈಲು ಸೇರಿದರು. 1982ರಿಂದ ಐಆರ್‌ಎಯ ರಾಜಕೀಯ ಅಂಗವೆನಿಸಿದ್ದ ಶಿನ್ ಫೇನ್ ಪಕ್ಷದ ಚುನಾಯಿತ ಪ್ರತಿನಿಧಿಯಾಗಿ, ಸಂಘರ್ಷಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ವೇಳೆಗೆ ಪಕ್ಷದ ಮುಖ್ಯ ಸಂಧಾನಕಾರರಾದರು.

ಸಂಧಾನಕ್ಕೆ ಅವರಂಥವರೇ ಏಕೆ ಬೇಕಾಯಿತು? ಶಸ್ತ್ರ ಹಿಡಿದವರು ಎಂದೂ ಶಸ್ತ್ರ ಹಿಡಿಯದ ರಾಜಕಾರಣಿಯ ಮಾತಿಗೆ ಅದನ್ನು ಕೆಳಗಿಡುತ್ತಿರಲಿಲ್ಲ. ತಮ್ಮೊಡನೆ ಇದ್ದವನು ಹೇಳಿದರೆ ಕೇಳುವ ಸಾಧ್ಯತೆಯಿತ್ತು. ಆದರೂ ಐಆರ್‌ಎ ಶಸ್ತ್ರಾಸ್ತ್ರಗಳನ್ನು ನಿಷ್ಕ್ರಿಯಗೊಳಿಸಿದೆ ಎಂದು ಸ್ವತಂತ್ರ ಆಯೋಗ ಘೋಷಿಸಲು 2005ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. 2007ರ ಮೇ 8ರಂದು, ದಶಕಗಳ ಕಾಲ ಶಿನ್ ಫೇನ್ ಜೊತೆ ಅಧಿಕಾರ ಹಂಚಿಕೊಳ್ಳಲು ಒಪ್ಪದ, ಬ್ರಿಟನ್ ಪರ ನಾಯಕ ಇಯಾನ್ ಪೇಯ್ಸ್ಲಿ ಉತ್ತರ ಐರ್ಲೆಂಡ್ ಸರ್ಕಾರದ ಪ್ರಥಮ ಸಚಿವರಾಗಿ, ಮೆಕ್‌ಗಿನ್ನೆಸ್ ಉಪ ಪ್ರಥಮ ಸಚಿವರಾಗಿ ಒಟ್ಟಿಗೆ ಅಧಿಕಾರ ವಹಿಸಿಕೊಂಡರು. 2009ರಲ್ಲಿ ಶಾಂತಿ ಒಪ್ಪಂದವನ್ನು ಒಪ್ಪದ ಭಿನ್ನಮತೀಯ ಐಆರ್‌ಎ ಗುಂಪುಗಳು ಬ್ರಿಟಿಷ್ ಸೈನಿಕರನ್ನೂ ಪೊಲೀಸನೊಬ್ಬನನ್ನೂ ಕೊಂದಾಗ, ಪೊಲೀಸ್ ಮುಖ್ಯಸ್ಥರ ಪಕ್ಕದಲ್ಲೇ ನಿಂತು ಕೊಂದವರನ್ನು ಐರ್ಲೆಂಡಿನ ದ್ರೋಹಿಗಳು ಎಂದು ಕರೆದರು. ನನಗೆ ಅವರ ಬದುಕಿನ ಅತ್ಯಂತ ಧೈರ್ಯದ ಮಾತು ಇದೇ ಎನಿಸುತ್ತದೆ. 2012ರಲ್ಲಿ ರಾಣಿ ಎಲಿಜಬೆತ್ ಅವರ ಕೈಕುಲುಕಿದರು. ಭಾರತದ ಕೊನೆಯ ವೈಸ್‌ರಾಯ್ ಆಗಿದ್ದ, ರಾಣಿಯ ಬಂಧು ಮೌಂಟ್‌ಬ್ಯಾಟನ್ನರನ್ನು 1979ರಲ್ಲಿ ಕೊಂದದ್ದು ಐಆರ್‌ಎ ಎಂಬುದನ್ನು ನೆನೆದರೆ ಆ ಕ್ಷಣದ ಭಾರ ತಿಳಿಯುತ್ತದೆ. 2017ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಆಜ್ಞೆ ಕೊಡುವ ವ್ಯವಸ್ಥೆಯಲ್ಲಿ ಇದ್ದವರಿಗೆ ಆಜ್ಞೆಯ ಫಲದ ಹೊಣೆಯೂ ಇರುತ್ತದೆ. 1974ರಲ್ಲೇ ಐಆರ್‌ಎ ತೊರೆದೆ ಎಂದು ಮೆಕ್‌ಗಿನ್ನೆಸ್ ಹೇಳುತ್ತಿದ್ದರು. ಅದನ್ನು ಬಹಳ ಜನ ನಂಬಲಿಲ್ಲ. 2011ರಲ್ಲಿ ಐರ್ಲೆಂಡ್ ಗಣರಾಜ್ಯದ ಅಧ್ಯಕ್ಷ ಚುನಾವಣೆಗೆ ನಿಂತು ಪ್ರಚಾರಕ್ಕೆ ಬಂದ ಅವರ ಎದುರು, 1983ರಲ್ಲಿ ಐಆರ್‌ಎ ಕೊಂದ ಐರಿಷ್ ಸೈನಿಕನೊಬ್ಬನ ಮಗ ತಂದೆಯ ಭಾವಚಿತ್ರ ಹಿಡಿದು ನಿಂತು, ಕೊಂದವರು ಯಾರೆಂದು ಕೇಳಿದ. ತನಗೆ ಗೊತ್ತಿಲ್ಲ ಎಂದು ಮೆಕ್‌ಗಿನ್ನೆಸ್ ಉತ್ತರಿಸಿದರು.