ಗಾಯ ಒಣಗಬೇಕಾ, ಹಸಿಯಾಗಿರಬೇಕಾ?

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಆಷಾಢದ ಮಳೆಯಲ್ಲಿ ಅಡಿಕೆ ತೋಟ ಸುತ್ತಿ ಬಂದು ಜಗಲಿಯಲ್ಲಿ ಬೂಟು ಕಳಚಿದರು. ಹೆಬ್ಬೆರಳಿನ ಬುಡದಲ್ಲಿ ರಕ್ತ. ಉಂಬಳ ಇರಬೇಕು ಅಂದುಕೊಂಡೆವು. ತೊಳೆದು ನೋಡಿದರೆ ಒಂದು ಸಿಬಿರು ಒಳಗೇ ಮುರಿದು ಕೂತಿತ್ತು. "ನೋವೇ ಆಗ್ಲಿಲ್ವಲ್ಲೋ" ಎಂದರು. ಹದಿನೈದು ವರ್ಷದ ಶುಗರ್ ಕಾಲಿನ ನರಗಳನ್ನು ಮರಗಟ್ಟಿಸಿತ್ತು.

ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡಿದ್ದಾಯಿತು, ಅರಿಶಿನ ಹಚ್ಚಿದ್ದಾಯಿತು. "ಗಾಳಿಯಾಡಲಿ, ಒಣಗಲಿ ಬಿಡು" ಅಂದವರೇ ಎಲ್ಲ. ಅವರನ್ನು ಬೈಯುವ ಹಾಗಿಲ್ಲ. ಡಾಕ್ಟರುಗಳೂ ಬಹಳ ಕಾಲ ಹಾಗೇ ನಂಬಿದ್ದರು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲಿನ ಗಾಯಗಳಲ್ಲಿ ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು, ಕೆಲವನ್ನು ಬಯಲಿಗೆ ಬಿಟ್ಟರು. ಮುಚ್ಚಿದ ಕಡೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಒಣಗಿದ ಗಾಯದಲ್ಲಿ ಹೊಸ ಚರ್ಮ ಹಕ್ಕಳೆಯ ಅಡಿಯಲ್ಲಿ ಕೊರೆದುಕೊಂಡು ಹೋಗಬೇಕು. ಪಸೆ ಇದ್ದರೆ ಸಲೀಸಾಗಿ ಜಾರುತ್ತದೆ.

ಆ ಪಸೆಯನ್ನು ಹಿಡಿದಿಡುವ ವಸ್ತು ಅಷ್ಟರಲ್ಲಿ ಬೇರೆ ಕೆಲಸಕ್ಕಾಗಿ ಹುಟ್ಟಿಯಾಗಿತ್ತು. ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ 1960ರಲ್ಲಿ ಹೈಡ್ರೊಜೆಲ್ ಬಗ್ಗೆ ಬರೆದಿದ್ದರು. ಮರುವರ್ಷ ವಿಖ್ಟರ್ಲೆ ಮಗುವಿನ ಆಟಿಕೆ ಸೆಟ್ಟಿನಿಂದ ಯಂತ್ರ ಕಟ್ಟಿ ಮನೆಯಲ್ಲೇ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದರು! ಜೆಲ್ ಅಂದರೆ ನೀರು ಕುಡಿದು ಉಬ್ಬಿದ ಬಲೆ, ನೆನೆದ ಕಾಮಕಸ್ತೂರಿ ಬೀಜದ ಸುತ್ತಲಿನ ಲೋಳೆಯ ಹಾಗೆ. ಒಣಗಿದ ಗಾಯಕ್ಕೆ ನೀರು ಕೊಡುತ್ತದೆ, ಸತ್ತ ಮಾಂಸವನ್ನು ಮೆತ್ತಗೆ ಮಾಡುತ್ತದೆ. ನೀರು ಸೋರುವ ಗಾಯಕ್ಕೆ ಮಾತ್ರ ಬೇಡ, ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ಬೂಟಿನೊಳಗೆ ಆಗುವುದೂ ಇದೇ ಅಲ್ವಾ.

ಬಲೆಯಲ್ಲಿ ನೀರು ನಿಲ್ಲುವುದಾದರೆ ಔಷಧಿಯೂ ನಿಲ್ಲಬೇಕು. 1997ರಲ್ಲಿ ಅಮೆರಿಕ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ ಒಪ್ಪಿಗೆ ಕೊಟ್ಟಿತು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆಂದೇ ಬಂದ ಇದರಲ್ಲಿ ಜೀವಕೋಶ ಬೆಳೆಸುವ ಪ್ರೊಟೀನ್ ಇತ್ತು. 2008ರಲ್ಲಿ ಕ್ಯಾನ್ಸರ್ ಭಯದಿಂದ ಅದಕ್ಕೆ ದೊಡ್ಡ ಎಚ್ಚರಿಕೆ ಅಂಟಿಸಿದರು, 2018ರಲ್ಲಿ ತೆಗೆದರು. ಇನ್ನೊಂದು ತೊಡಕು ಗಾಯದಲ್ಲೇ ಇದೆ. ಹಳೆಯ ಹುಣ್ಣಿನಲ್ಲಿ ಪ್ರೊಟೀನ್ ಕಡಿಯುವ ಕಿಣ್ವಗಳು ಜಾಸ್ತಿ. ಹಚ್ಚಿದ ಮದ್ದನ್ನೂ ಅವು ತಿಂದು ಹಾಕುತ್ತವೆ. ಅದಕ್ಕೇ ಈಗ ಔಷಧಿಯನ್ನು ಬಲೆಯೊಳಗೆ ಬಚ್ಚಿಟ್ಟು ನಿಧಾನವಾಗಿ ಬಿಡುವ ಜೆಲ್‌ಗಳನ್ನು ಮಾಡುತ್ತಿದ್ದಾರೆ. ಹುಣ್ಣಿನ ಕ್ಷಾರ ಅಥವಾ ಸಕ್ಕರೆಯ ಸುಳಿವು ಸಿಕ್ಕಾಗ ಬಿಚ್ಚಿಕೊಳ್ಳುವಂಥವೂ ಇವೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ಇಲಿಗಳ ಮೇಲಿನ ಪ್ರಯೋಗದಲ್ಲೇ ಇವೆ.

ನನಗೆ ಜೆಲ್‌ಗಿಂತ ದೊಡ್ಡದಾಗಿ ಕಾಣುವುದು ಹಳೆಯ ಇನ್ನೊಂದು ಪಾಠ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕಾಲು ನೋಡುತ್ತಿದ್ದ ಪಾಲ್ ಬ್ರಾಂಡ್ ಅದನ್ನು ಕಂಡುಕೊಂಡಿದ್ದರು. ನೋವಿಲ್ಲದ ಕಾಲು ಗಾಯವನ್ನೇ ತುಳಿಯುತ್ತದೆ. ಭಾರ ಇಳಿಸಿದರೆ ಹುಣ್ಣು ಮಾಯುತ್ತದೆ. ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಪಟ್ಟಿ ಕಟ್ಟಿ ಭಾರ ಇಳಿಸುವ ಆ ವಿಧಾನವೇ ಮುಂದೆ ಸಕ್ಕರೆ ಕಾಯಿಲೆಯವರಿಗೂ ಬಂತು.

ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟರು ಕಾಲು ನೋಡಿ, ಬೂಟಿನೊಳಗೆ ಕೈ ಹಾಕಿ ತಡವಿದರು. ಡ್ರೆಸ್ಸಿಂಗ್ ಆಮೇಲೆ. ಆ ವರ್ಷ ಕೊಳೆರೋಗಕ್ಕೆ ಮದ್ದು ಹೊಡೆಸುವಾಗ ದೊಡ್ಡಪ್ಪ ಜಗಲಿ ಬಿಟ್ಟು ಇಳಿಯಲಿಲ್ಲ. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಅಲ್ಲಿಂದಲೇ ಎಲ್ಲರಿಗೂ ಕೂಗುತ್ತಿದ್ದರು.