ಹೆಲ್ಸಿಂಕಿಯಿಂದ ಟೋಕಿಯೋಗೆ ಎಷ್ಟು ಗಂಟೆ? ಯಾವ ವರ್ಷ ಅಂತ ಹೇಳಿ

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಳ್ಳಿ. ಒಂದು ತುದಿಯನ್ನು ಫಿನ್ಲೆಂಡಿನ ಹೆಲ್ಸಿಂಕಿ ಮೇಲೆ, ಇನ್ನೊಂದನ್ನು ಟೋಕಿಯೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಹೆಚ್ಚುಕಡಿಮೆ ಇಡೀ ದಾರ ರಷ್ಯಾದ ಮೇಲೇ ಹಾಯುತ್ತದೆ. ದೂರ ಸುಮಾರು 7,800 ಕಿ.ಮೀ. ಈ ದಾರಿಯಲ್ಲಿ ಒಂಬತ್ತೂವರೆ ಗಂಟೆಗೆ ಟೋಕಿಯೋ ಮುಟ್ಟಬಹುದು. ಆದರೆ 2022ರಿಂದ ಫಿನ್ಲೆಂಡಿನ ಫಿನ್‌ಏರ್ ಕಂಪನಿಯ ವಿಮಾನಕ್ಕೆ 13 ಗಂಟೆ ಹಿಡಿಯುತ್ತಿದೆ. ರಷ್ಯಾ ತನ್ನ ಆಕಾಶಕ್ಕೆ ಬೇಲಿ ಹಾಕಿದೆ.

ಬೇಲಿ ಹಳೆಯದೇ. ಶೀತಲ ಸಮರದ ಶುರುವಿನಲ್ಲಿ ಸೋವಿಯತ್ ಒಕ್ಕೂಟ ಪಶ್ಚಿಮದ ವಿಮಾನಗಳನ್ನು ಸೈಬೀರಿಯಾದ ಮೇಲೆ ಬಿಡುತ್ತಿರಲಿಲ್ಲ. ಹಾಗಾಗಿ 1957ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ವಿಮಾನ ಕಂಪನಿ ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಕಡೆಯಿಂದ ಟೋಕಿಯೋಗೆ ದಾರಿ ಹಿಡಿಯಿತು. ನಡುವೆ ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕು. 30 ಗಂಟೆ ದಾಟಿದರೂ ದಕ್ಷಿಣದ ಕಡೆಯಿಂದ ಸುತ್ತಿ ಬರುವುದಕ್ಕಿಂತ ಎಷ್ಟೋ ವಾಸಿ. ಮುಂದೆ ಬೇರೆ ಕಂಪನಿಗಳೂ ಇದೇ ದಾರಿಗೆ ಬಂದವು. ಆಂಕರೇಜ್ ನಿಲ್ದಾಣದಲ್ಲಿ ಜಪಾನಿ ಪ್ರಯಾಣಿಕರಿಗಾಗಿ ಊಡಾನ್ ನೂಡಲ್ಸ್ ಅಂಗಡಿಯೇ ಇತ್ತು!

1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ತನ್ನ ಡಿಸಿ-10 ವಿಮಾನವನ್ನು ಎಲ್ಲೂ ಇಳಿಸದೆ, ಧ್ರುವದ ಮೇಲಿಂದಲೇ ಹೆಲ್ಸಿಂಕಿಯಿಂದ ಟೋಕಿಯೋಗೆ ಹಾರಿಸಿತು. ಆಗಲೂ ಸುಮಾರು 13 ಗಂಟೆ. ಅದೇ ವರ್ಷ ಸೆಪ್ಟೆಂಬರ್ 1ರಂದು, ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್ ಲೈನ್ಸ್ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ಅದನ್ನು ಹೊಡೆದುರುಳಿಸಿದರು. 269 ಜನ ಸತ್ತರು. ಸುತ್ತು ಯಾಕೆ ಅಂತ ಆಮೇಲೆ ಯಾರೂ ಕೇಳಿರಲಿಕ್ಕಿಲ್ಲ.

ಶೀತಲ ಸಮರ ಮುಗಿದ ಮೇಲೆ ಸೈಬೀರಿಯಾದ ದಾರಿ ಸಲೀಸಾಯಿತು. ಸುಮ್ನೆ ಅಲ್ಲ, ರಷ್ಯಾ ಅದಕ್ಕೆ ಚೆನ್ನಾಗಿ ದುಡ್ಡು ತಗೊಳ್ಳುತ್ತಿತ್ತು. ಆದರೂ ಫಿನ್‌ಏರ್‌ಗೆ ಲಾಭವೇ. ಯೂರೋಪಿನ ಮೂಲೆಯಲ್ಲಿದ್ದ ಹೆಲ್ಸಿಂಕಿ ಏಷ್ಯಾಕ್ಕೆ ಹತ್ತಿರದ ಬಾಗಿಲಾಯಿತು. ಒಂದೇ ವಿಮಾನ 24 ಗಂಟೆಯೊಳಗೆ ಟೋಕಿಯೋಗೆ ಹೋಗಿ ವಾಪಸ್ ಬರಬಹುದು. ಕಂಪನಿಯ ಲೆಕ್ಕಾಚಾರವೆಲ್ಲ ನಿಂತಿದ್ದು ಇದರ ಮೇಲೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದಾಗ ಯೂರೋಪ್ ರಷ್ಯಾದ ವಿಮಾನಗಳನ್ನು ತಡೆಯಿತು. ರಷ್ಯಾ ಕೂಡ ಹಾಗೇ ಮಾಡಿತು. 24 ಗಂಟೆಯ ಲೆಕ್ಕ ಅಲ್ಲಿಗೆ ಕೆಟ್ಟಿತು. ಈಗಿರುವುದು ಎರಡು ದಾರಿ: ಒಂದು ಧ್ರುವ, ಅಲಾಸ್ಕಾದ ಕಡೆಯಿಂದ, ಇನ್ನೊಂದು ಟರ್ಕಿ, ಕಝಾಕಿಸ್ತಾನ್, ಚೀನಾದ ಮೇಲಿಂದ. ಗಾಳಿ ನೋಡಿಕೊಂಡು ಯಾವುದು ಅಂತ ತೀರ್ಮಾನಿಸುತ್ತಾರೆ. ಇಂಧನವಂತೂ ತುಂಬಾ ಜಾಸ್ತಿ ಬೇಕು.

ನಮ್ಮ ವಿಮಾನಗಳಿಗೆ ರಷ್ಯಾ ಅಡ್ಡಿ ಮಾಡಲಿಲ್ಲ. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಆಕಾಶ ಮುಚ್ಚಿತಲ್ಲ, ಆಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ಏರ್ ಇಂಡಿಯಾ ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಹಳೇ ಆಂಕರೇಜ್ ಕಥೆಯೇ ಅಲ್ವಾ?

ಅತ್ತ ಫಿನ್‌ಏರ್, ಧ್ರುವದ ಮೇಲೆ ಹಾದ ಪ್ರಯಾಣಿಕರ ಕೈಗೆ ಒಂದು ಪ್ರಮಾಣಪತ್ರ ಕೊಡತೊಡಗಿತು. ಮೂರೂವರೆ ಗಂಟೆ ಜಾಸ್ತಿ ಕೂತಿದ್ದಕ್ಕೆ ಸಿಕ್ಕಿದ್ದು ಇಷ್ಟು.